ಶಿರಸಂಗಿ ದೇಸಾಯರ ಆಸ್ತಿ ಯಾರಿಗೆ ಹೋಯಿತು

ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ಲಿಂಗರಾಜ ಕಾಲೇಜು ಉಂಟು. ಖಾನಾಪುರ ತಾಲೂಕಿನ ಗುಂಜಿಯಂಥ ಕಾಡಂಚಿನ ಊರಿನ ಮಕ್ಕಳು ಹತ್ತನೇ ಕ್ಲಾಸ್ ಮುಗಿಸಿ ಮುಂದೆ ಓದಬೇಕಾದರೆ ಖಾನಾಪುರಕ್ಕೆ ಹೋಗಬೇಕು, ಅದಕ್ಕೂ ಮುಂದಿನ ಓದಿಗೆ ರೈಲೋ ಬಸ್ಸೋ ಹತ್ತಿ ಬೆಳಗಾವಿಗೇ ಬರಬೇಕು. ಆ ದಾರಿಯಲ್ಲಿ ಈ ಕಾಲೇಜಿನ ಬೋರ್ಡು ನೋಡದ ಮಕ್ಕಳು ಕಡಿಮೆ. ಆದರೆ ಬೋರ್ಡಿನ ಮೇಲಿರುವ ಲಿಂಗರಾಜ ಅಂದರೆ ಯಾರು ಅಂತ ಕೇಳಿದರೆ ಎಷ್ಟೋ ಮಂದಿ ದೇವರ ಹೆಸರು ಅಂದುಕೊಳ್ಳುತ್ತಾರೆ. ಅದು ಮನುಷ್ಯನ ಹೆಸರು. 120 ವರ್ಷಗಳ ಹಿಂದೆ ತೀರಿಕೊಂಡ, ಮಕ್ಕಳಿಲ್ಲದ ಒಬ್ಬ ದೊಡ್ಡ ಜಮೀನ್ದಾರರದ್ದು. ಬಯಲುಸೀಮೆಯ ಜನ ಅವರನ್ನು ತ್ಯಾಗವೀರ ಶಿರಸಂಗಿ ಲಿಂಗರಾಜರು ಅಂತ ಕರೆಯುತ್ತಾರೆ.

ಘಟ್ಟದ ಮೇಲಿನ ಲಿಂಗಾಯತ ದೇಸಾಯರೊಬ್ಬರ ಕಥೆ ಬ್ಯಾರಿಗಳ ಪುಟದಲ್ಲಿ ಯಾಕೆ ಅಂತ ಕೇಳುವವರು ಇರಬಹುದು. ಕೊಡುವ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ರಮಳಾನ್ ಬಂತೆಂದರೆ ಊರಲ್ಲಿರುವವರೂ ಗಲ್ಫಿನಲ್ಲಿರುವವರೂ ಕಿಸೆ ಬಿಚ್ಚುತ್ತಾರೆ. ಕೊಟ್ಟ ದುಡ್ಡು ಮುಂದಿನ ರಮಳಾನಿಗೆ ಎಲ್ಲಿರುತ್ತದೆ, ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಅಂತ ಕೇಳುವ ಅಭ್ಯಾಸ ಮಾತ್ರ ನಮ್ಮಲ್ಲಿ ಇನ್ನೂ ಬೆಳೆಯಬೇಕು. ಲಿಂಗರಾಜರು ಆ ಪ್ರಶ್ನೆಯನ್ನು ಕೇಳಿಕೊಂಡು ಕೊಟ್ಟವರು.

ಅವರು ಹುಟ್ಟಿದ್ದು 1861ರ ಜನವರಿ 10ರಂದು, ಶಿರಹಟ್ಟಿ ಕಡೆಯ ಶಿಗ್ಲಿ ಎಂಬ ಊರಿನಲ್ಲಿ. ಈಗ ಅದು ಗದಗ ಜಿಲ್ಲೆಗೆ ಸೇರುತ್ತದೆ. ಹುಟ್ಟುವಾಗ ಇಟ್ಟ ಹೆಸರು ರಾಮಪ್ಪ. ಎಳೆಯ ಪ್ರಾಯದಲ್ಲೇ ಅವರನ್ನು ಶಿರಸಂಗಿ ದೇಸಾಯರ ಮನೆಗೆ ದತ್ತು ತೆಗೆದುಕೊಂಡರು. ಶಿರಸಂಗಿ ಇರುವುದು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ. ಅಲ್ಲಿನ ಕಾಳಿಕಾದೇವಿ ಗುಡಿಯ ಹೆಸರನ್ನು ಕೆಲವರು ಕೇಳಿರಬಹುದು. ದತ್ತು ಹೋದ ಮೇಲೆ ರಾಮಪ್ಪ ಲಿಂಗರಾಜರಾದರು. (ನಮ್ಮ ಶರೀಅತ್ತಿನಲ್ಲಿ ದತ್ತು ಮಗುವಿಗೆ ವಾರಸುದಾರಿಕೆ ಇಲ್ಲ. ಸಾಕಿ ಸಲಹಬಹುದು, ಹಿಬಾ ಕೊಡಬಹುದು, ವಸಿಯ್ಯತ್ ಬರೆಯಬಹುದು. ಹಿಂದೂ ಕಾನೂನಿನಲ್ಲಿ ಹಾಗಲ್ಲ, ದತ್ತು ಮಗ ಹೆತ್ತ ಮಗನ ಹಾಗೆಯೇ ಆಸ್ತಿಗೆ ಬರುತ್ತಾನೆ. ಈ ವ್ಯತ್ಯಾಸ ಮುಂದೆ ಕಥೆಗೆ ಬೇಕಾಗುತ್ತದೆ.)

ದೇಸಾಯಿ ಅಂದರೆ ಹಳೆಯ ಕಾಲದಿಂದ ಒಂದು ಸೀಮೆಯ ಕಂದಾಯ ವಸೂಲಿಯ ಹೊಣೆ ಹೊತ್ತ ಮನೆತನ. ಬಾದಶಹರು ಹೋಗಿ ಪೇಶ್ವೆಗಳು ಬಂದರೂ, ಪೇಶ್ವೆಗಳು ಹೋಗಿ ಇಂಗ್ಲಿಷರು ಬಂದರೂ ಇಂಥ ಮನೆತನಗಳಲ್ಲಿ ಬಹಳಷ್ಟು ಉಳಿದುಕೊಂಡವು. ಕೆಲಸಕ್ಕೆ ಪ್ರತಿಯಾಗಿ ಅವರಿಗೆ ವತನ ಮತ್ತು ಇನಾಂ ಭೂಮಿ ಇರುತ್ತಿತ್ತು. ಕರಾವಳಿಯ ಗುತ್ತಿನ ಮನೆಗಳನ್ನು ನೋಡಿದವರಿಗೆ ಆ ಠೀವಿ ಸ್ವಲ್ಪ ಅಂದಾಜಾದೀತು, ಆದರೆ ಇದು ಅದಕ್ಕಿಂತ ದೊಡ್ಡದು. ಲಿಂಗರಾಜರ ಕೈಗೆ ಬಂದದ್ದು ನವಲಗುಂದ ಮತ್ತು ಶಿರಸಂಗಿ ಎರಡೂ ಕಡೆಯ ದೇಸಗತಿ. ಎರೆ ಹೊಲ, ಹತ್ತಿ, ಜೋಳ, ಗೋಧಿ. ಮಳೆ ಬಂದ ವರ್ಷ ಕಣಜ ತುಂಬುವ ನಾಡು. ಮಳೆ ಬಾರದ ವರ್ಷ ಅದೇ ನಾಡಿನ ಜನ ಊರು ಬಿಟ್ಟು ಹೋಗುತ್ತಿದ್ದರು. 1876ರಿಂದ 78ರವರೆಗಿನ ಭೀಕರ ಬರ ಬಂದಾಗ ಲಿಂಗರಾಜರಿಗೆ ಹದಿನೈದು ಹದಿನೇಳರ ಪ್ರಾಯ. ನಡುಪ್ರಾಯಕ್ಕೆ ಬರುವಷ್ಟರಲ್ಲಿ ಮತ್ತೆ ಎರಡು ಬರ, ಅದರ ಮೇಲೆ ಪ್ಲೇಗು. ಹಸಿವು ಹೇಗಿರುತ್ತದೆ ಅಂತ ಪುಸ್ತಕ ಓದಿ ತಿಳಿಯಬೇಕಾದ ಕಾಲ ಅದಲ್ಲ.

ಅಂಥ ಕಾಲದಲ್ಲಿ ಒಬ್ಬ ಶ್ರೀಮಂತ ದಾನ ಮಾಡಬೇಕೆಂದರೆ ದಾರಿಗಳು ಗೊತ್ತಿದ್ದವೇ. ಜಾತ್ರೆಗೆ ಅನ್ನಸಂತರ್ಪಣೆ, ಮಠಕ್ಕೆ ಕಾಣಿಕೆ, ಗುಡಿಗೆ ಗೋಪುರ, ದಾರಿಯಲ್ಲಿ ಛತ್ರ. ಇವೆಲ್ಲ ಕಣ್ಣಿಗೆ ಕಾಣುವ ದಾನಗಳು, ಕೊಟ್ಟವನ ಹೆಸರು ಅಂದೇ ಸಂಜೆಗೆ ನಾಲ್ಕು ಊರಿಗೆ ಮುಟ್ಟುತ್ತದೆ. ಲಿಂಗರಾಜರ ಮನಸ್ಸು ಹೆಚ್ಚು ಹೋದದ್ದು ಶಾಲೆಯ ಕಡೆಗೆ. ಅದಕ್ಕೆ ಕಾರಣ ಉಂಟು.

ಆಗ ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಮುಂಬೈ ಪ್ರಾಂತದ ಬಾಲದ ತುದಿ. ಮುಂಬೈ ವಿಶ್ವವಿದ್ಯಾಲಯ 1857ರಲ್ಲೇ ಶುರುವಾಗಿತ್ತು, ನಿಜ. ಆದರೆ ಈ ಜಿಲ್ಲೆಗಳ ಹುಡುಗನಿಗೆ ಅದು ಚಂದ್ರಲೋಕ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಲ್ಲಿಯವರೆಗೆ ಡಿಗ್ರಿ ಓದಬೇಕಾದರೆ ಪುಣೆಗೋ ಮುಂಬೈಗೋ ಹೋಗಬೇಕು, ಅಲ್ಲಿ ಕೋಣೆ ಹಿಡಿಯಬೇಕು, ಊಟಕ್ಕೆ ದುಡ್ಡು ಕಟ್ಟಬೇಕು, ಮರಾಠಿ ಕಲಿಯಬೇಕು. ನಮ್ಮ ಮಂಗಳೂರನ್ನು ಇದಕ್ಕೆ ಹೋಲಿಸಿ ನೋಡಿ: 1880ರಲ್ಲೇ ಸಂತ ಅಲೋಶಿಯಸ್ ಕಾಲೇಜು ಬಂದಿತ್ತು. ಬಾಗಿಲ ಬಳಿಯೇ ಕಾಲೇಜು ಇದ್ದೂ ಅಂದಿನ ಬ್ಯಾರಿ ಹುಡುಗರು ಅದರೊಳಗೆ ಎಷ್ಟು ಮಂದಿ ಹೋದರು ಅಂತ ಕೇಳಿದರೆ ನಾವು ತಲೆ ತಗ್ಗಿಸಬೇಕು, ಅದು ಬೇರೆ ಮಾತು. ಅಲ್ಲಿ ಘಟ್ಟದ ಮೇಲೆ ಬಾಗಿಲೇ ದೂರ ಇತ್ತು. ಒಕ್ಕಲುತನದ ಮನೆಯ ಜಾಣ ಹುಡುಗ ಮುಲ್ಕಿ ಪರೀಕ್ಷೆ ಪಾಸಾದರೆ ಅದೇ ದೊಡ್ಡದು. ಅಲ್ಲಿಂದ ಮುಂದೆ ಹೋಗಲಿಕ್ಕೆ ತಲೆ ಇದ್ದರೂ ದುಡ್ಡಿಲ್ಲ.

1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಕೆಲವು ತಿಳಿದವರು ಸೇರಿ ನಿಧಿ ಕೂಡಿಸಿ ಓದುವ ಹುಡುಗರಿಗೆ ನೆರವು ಕೊಡುವ ಏರ್ಪಾಡು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಆ ಪೀಳಿಗೆಯ ದೊಡ್ಡ ಹೆಸರುಗಳು. ಬೆಳಗಾವಿಯಲ್ಲಿ ಈಗಲೂ ಜಿ.ಎ. ಹೈಸ್ಕೂಲ್ ಅಂತ ಉಂಟಲ್ಲ, ಅದರ ಎರಡು ಅಕ್ಷರ ಈ ಇಬ್ಬರದ್ದೇ: ಗಿಲಗಂಚಿ, ಅರಟಾಳ. ಲಿಂಗರಾಜರು ಈ ಕೆಲಸಕ್ಕೆ ಕೈಜೋಡಿಸಿದರು, ಹಣವನ್ನೂ ಕೊಟ್ಟರು. ಒಬ್ಬೊಬ್ಬರೇ ತಮ್ಮ ವಾಡೆಯ ಜಗಲಿಯಲ್ಲಿ ಕೂತು ಬಂದವರಿಗೆ ಕೊಡುವ ಬದಲು ಒಂದು ಸಂಸ್ಥೆಯ ಮೂಲಕ ಕೊಡುವುದನ್ನು ಈ ಮಂದಿ ರೂಢಿ ಮಾಡಿದರು. ಜಗಲಿಯ ದಾನಕ್ಕೂ ಸಂಸ್ಥೆಯ ದಾನಕ್ಕೂ ದೊಡ್ಡ ವ್ಯತ್ಯಾಸ ಉಂಟು. ಜಗಲಿಗೆ ಬರುವವನು ಬಾಯಿ ಇರುವವನು, ಗುರುತು ಇರುವವನು. ನಾಚಿಕೆಯ ಬಡವ, ದೂರದ ಊರಿನವ ಅಲ್ಲಿಗೆ ಬರುವುದೇ ಇಲ್ಲ. ಸಂಸ್ಥೆಗಾದರೆ ಅರ್ಜಿ ಹಾಕಬಹುದು, ಮಾರ್ಕು ತೋರಿಸಬಹುದು, ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಕೇಳಬಹುದು.

1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಮುಂದಾಳ್ತನದಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಸೇರಿದಾಗ ಅದರ ಮೊದಲ ಅಧ್ಯಕ್ಷರಾಗಿ ಕೂತವರು ಲಿಂಗರಾಜರೇ. ಆ ಹೊತ್ತಿಗೆ ಅವರಿಗೆ 43 ವರ್ಷ. ಅಂತಸ್ತು ಉಂಟು, ಆಸ್ತಿ ಉಂಟು, ಹಿಂದೆ ಆಳಲಿಕ್ಕೆ ಮಕ್ಕಳು ಇಲ್ಲ. ಇಂಥ ಮನೆಗಳಲ್ಲಿ ಆಗ ನಡೆಯುತ್ತಿದ್ದ ಪದ್ಧತಿ ಎಲ್ಲರಿಗೂ ಗೊತ್ತು, ಮತ್ತೊಂದು ದತ್ತು. ಲಿಂಗರಾಜರೇ ಹಾಗೆ ಬಂದವರು. ಮನೆತನದ ಹೆಸರು ಉಳಿಯಬೇಕಾದರೆ ಇನ್ನೊಬ್ಬ ಹುಡುಗನನ್ನು ತಂದು ಹೆಸರು ಬದಲಿಸಿ ಗಾದಿಯ ಮೇಲೆ ಕೂರಿಸಬಹುದಿತ್ತು. ಒಬ್ಬ ಹುಡುಗನ ಬದುಕು ಬಂಗಾರವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ.

1906ರ ಆಗಸ್ಟ್ 23ರಂದು ಲಿಂಗರಾಜರು ತೀರಿಕೊಂಡರು. 45 ವರ್ಷ, ಈಗಿನ ಲೆಕ್ಕದಲ್ಲಿ ಸಾಯುವ ಪ್ರಾಯವೇ ಅಲ್ಲ. ಹೋಗುವ ಮೊದಲು ಮೃತ್ಯುಪತ್ರ ಬರೆದಿಟ್ಟಿದ್ದರು. ಅದರ ತಿರುಳು ಇಷ್ಟು: ದೇಸಗತಿಯ ಆಸ್ತಿ ಒಬ್ಬನ ಪಾಲಾಗಬಾರದು, ಅದರ ಆದಾಯ ತನ್ನ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಹೋಗಬೇಕು.

ನಮ್ಮಲ್ಲಿ ಮದ್ರಸ ಕಲಿತವರಿಗೆಲ್ಲ ಇದನ್ನು ಓದುವಾಗ ಖೈಬರಿನ ಜಮೀನು ನೆನಪಿಗೆ ಬರಬೇಕು. ಹಝ್ರತ್ ಉಮರ್ (ರ) ಅವರಿಗೆ ಖೈಬರಿನಲ್ಲಿ ಒಂದು ಒಳ್ಳೆಯ ಜಾಗ ಸಿಕ್ಕಿತು. ಅಷ್ಟು ಬೆಲೆಬಾಳುವ ಸೊತ್ತು ಅವರಿಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಅದನ್ನು ಏನು ಮಾಡಲಿ ಅಂತ ಪ್ರವಾದಿ (ಸ) ಅವರಲ್ಲಿ ಕೇಳಿದಾಗ ಸಿಕ್ಕಿದ ದಾರಿ, ಬುಡವನ್ನು ತಡೆದಿಟ್ಟು ಫಲವನ್ನು ದಾನ ಮಾಡುವುದು. ಉಮರ್ ಹಾಗೆಯೇ ಮಾಡಿದರು. ಆ ಜಾಗ ಮಾರುವ ಹಾಗಿಲ್ಲ, ಯಾರಿಗೂ ಉಡುಗೊರೆ ಕೊಡುವ ಹಾಗಿಲ್ಲ, ವಾರಸಿನಲ್ಲಿ ಹಂಚುವ ಹಾಗಿಲ್ಲ. ಫಲ ಬಡವರಿಗೆ, ಸಂಬಂಧಿಕರಿಗೆ, ಗುಲಾಮರ ಬಿಡುಗಡೆಗೆ, ದಾರಿಹೋಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ನ್ಯಾಯವಾಗಿ ತಿನ್ನುವಷ್ಟು ತಿನ್ನಬಹುದು, ಅದರಿಂದ ಆಸ್ತಿ ಕೂಡಿಸುವ ಹಾಗಿಲ್ಲ. ನಮ್ಮ ಫಿಕ್ಹ್ ಕಿತಾಬುಗಳ ವಕ್ಫ್ ಅಧ್ಯಾಯಕ್ಕೆ ಇದೇ ಅಡಿಪಾಯ. ಲಿಂಗರಾಜರು ಇದನ್ನು ಓದಿದ್ದರು ಅಂತ ಹೇಳಲಿಕ್ಕೆ ನಾನು ಹೊರಟಿಲ್ಲ. ಒಳ್ಳೆಯ ಬುದ್ಧಿ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಬಾವಿಯ ಹತ್ತಿರ ಬರುವುದುಂಟು.

ಮೃತ್ಯುಪತ್ರದಲ್ಲಿ ಇನ್ನೊಂದು ಗಮನಿಸುವ ಸಂಗತಿ, ಉದ್ದೇಶ ಒಂದೇ. ಎಲ್ಲ ಒಳ್ಳೆಯ ಕೆಲಸಕ್ಕೆ ಅಂತ ಅವರು ಬರೆಯಲಿಲ್ಲ. ಸ್ವಲ್ಪ ಗುಡಿಗೆ, ಸ್ವಲ್ಪ ಛತ್ರಕ್ಕೆ, ಸ್ವಲ್ಪ ಮದುವೆಗೆ ಅಂತ ಚೂರು ಮಾಡಲಿಲ್ಲ. ಬರೀ ತನ್ನ ಸಮಾಜಕ್ಕೆ ಮಾತ್ರ ಕೊಟ್ಟರಲ್ಲ ಅಂತ ಯಾರಾದರೂ ಕೇಳಿಯಾರು. ಕೇಳಬಹುದಾದ ಪ್ರಶ್ನೆಯೇ. ಆ ಕಾಲದಲ್ಲಿ ಎಲ್ಲ ಸಮಾಜಗಳೂ ಮೊದಲು ತಮ್ಮ ಮನೆಯ ದೀಪ ಹಚ್ಚಲಿಕ್ಕೆ ಹೊರಟಿದ್ದವು. ನಮ್ಮ ಇವತ್ತಿನ ಬ್ಯಾರಿ ಸಂಘಟನೆಗಳ ಸ್ಕಾಲರ್‌ಶಿಪ್ ಫಾರ್ಮುಗಳನ್ನು ನೋಡಿದವರು ಇದಕ್ಕೆ ಅವರನ್ನು ದೂರಲಾರರು. ಗುರಿ ಇಷ್ಟೇ ಅಂತ ಬರೆದದ್ದರಿಂದ ಮುಂದೆ ಅದನ್ನು ನಡೆಸುವವರಿಗೆ ಗೊಂದಲ ಆಗಲಿಲ್ಲ ಎಂಬುದು ನನಗೆ ಮುಖ್ಯ ಕಾಣುತ್ತದೆ.

ಆದರೆ ಗೊಂದಲ ಬೇರೆ ಕಡೆಯಿಂದ ಬಂತು. ಅಷ್ಟು ದೊಡ್ಡ ಆಸ್ತಿಯನ್ನು ಒಂದು ಕಾಗದ ಊರಿನ ಮಕ್ಕಳಿಗೆ ದಾಟಿಸುತ್ತದೆ ಅಂದರೆ ಎಲ್ಲರೂ ಸುಮ್ಮನೆ ಕೂರುತ್ತಾರೆಯೇ? ತಕರಾರು ಎದ್ದಿತು, ಕೋರ್ಟಿಗೆ ಹೋಯಿತು, ವರ್ಷಗಟ್ಟಲೆ ನಡೆಯಿತು. ಇಂಥ ದಾವೆಗಳಲ್ಲಿ ಬರುವ ಪ್ರಶ್ನೆಗಳು ಈಗಲೂ ಅವೇ: ಯಾವುದು ಸ್ವಂತ ಸೊತ್ತು, ಯಾವುದು ಮನೆತನದ್ದು? ಮನೆತನದ್ದನ್ನು ಒಬ್ಬನು ಬರೆದುಕೊಡಬಹುದೇ? ಉಳಿದವರ ಹಕ್ಕು ಏನು? ವಕೀಲರ ಫೀಸು ಹೋಗುವುದು ಅದೇ ಹೊಲದ ಫಸಲಿನಿಂದ. 1906ರಲ್ಲಿ ಐದನೇ ಕ್ಲಾಸಿನಲ್ಲಿದ್ದ ಹುಡುಗನಿಗೆ ಆ ದಾವೆ ಮುಗಿಯುವ ತನಕ ಕಾಯಲಿಕ್ಕೆ ಆಗುತ್ತದೆಯೇ? ಅವನ ಓದಿನ ಪ್ರಾಯ ದಾಟಿ ಹೋಗಿರುತ್ತದೆ. ಕೊನೆಗೆ ಲಿಂಗರಾಜರ ಇಷ್ಟ ಉಳಿಯಿತು. ನವಲಗುಂದ-ಶಿರಸಂಗಿ ಟ್ರಸ್ಟ್ ನೆಲೆ ನಿಂತಿತು, ವಿದ್ಯಾರ್ಥಿವೇತನ ಕೊಡುವ ಕೆಲಸ ನಡೆಯಿತು. ಬಯಲುಸೀಮೆಯ ಎಷ್ಟೋ ಮನೆಗಳ ಮೊದಲ ಡಿಗ್ರಿಯ ಹಿಂದೆ ಆ ಹಣ ಇದೆ.

ಈ ಕೋರ್ಟಿನ ಭಾಗವನ್ನು ನಮ್ಮವರು ಎರಡು ಸಲ ಓದಬೇಕು. ಇಸ್ಲಾಮಿನಲ್ಲಿ ಸತ್ತ ಮೇಲೆ ಜಾರಿಗೆ ಬರುವ ಹಾಗೆ ವಸಿಯ್ಯತ್ ಬರೆಯುವುದಾದರೆ ಆಸ್ತಿಯ ಮೂರನೇ ಒಂದು ಪಾಲನ್ನು ಮೀರಲಿಕ್ಕಿಲ್ಲ, ಮೀರಿದರೆ ವಾರಸುದಾರರು ಒಪ್ಪಬೇಕು. ಸಅದ್ ಬಿನ್ ಅಬೀ ವಖಾಸ್ (ರ) ಕಾಯಿಲೆ ಬಿದ್ದಾಗ ತನಗೆ ಇರುವುದು ಒಬ್ಬಳೇ ಮಗಳು, ಮೂರರಲ್ಲಿ ಎರಡು ಪಾಲು ಕೊಟ್ಟುಬಿಡುತ್ತೇನೆ ಅಂದದ್ದಕ್ಕೆ ಪ್ರವಾದಿಯವರು (ಸ) ಒಪ್ಪಲಿಲ್ಲ. ಅರ್ಧಕ್ಕೂ ಒಪ್ಪಲಿಲ್ಲ. ಮೂರನೇ ಒಂದಕ್ಕೆ ಒಪ್ಪಿದರು, ಅದೂ ಹೆಚ್ಚಾಯಿತು ಎಂದು ಸೂಚಿಸಿದರು. ಮನೆಯವರನ್ನು ಕೈಚಾಚುವ ಸ್ಥಿತಿಯಲ್ಲಿ ಬಿಟ್ಟುಹೋಗುವ ದಾನಕ್ಕೆ ನಮ್ಮಲ್ಲಿ ಹೊಗಳಿಕೆ ಇಲ್ಲ. ಬದುಕಿರುವಾಗ, ಆರೋಗ್ಯದಲ್ಲಿರುವಾಗ ವಕ್ಫ್ ಮಾಡುವುದಾದರೆ ಈ ಮೂರನೇ ಒಂದರ ಮಿತಿ ಇಲ್ಲ. ಅದರ ಮೇಲೆ ತನ್ನ ಕಣ್ಣೆದುರೇ ಅದು ನಡೆಯುವುದನ್ನು ನೋಡಬಹುದು, ತಪ್ಪಿದರೆ ತಿದ್ದಬಹುದು, ಮಕ್ಕಳನ್ನು ಕೂರಿಸಿ ಒಪ್ಪಿಸಬಹುದು. ಮನಸ್ಸಲ್ಲಿ ಉಂಟು, ಬಾಯಲ್ಲಿ ಹೇಳಿದ್ದೇನೆ, ಹಾಜಿಗಳಿಗೆ ಗೊತ್ತುಂಟು ಅಂತ ಬಿಟ್ಟ ಜಾಗಗಳು ಮಯ್ಯತ್ತಿನ ನಲವತ್ತು ದಿನ ಕಳೆಯುವ ಮೊದಲೇ ಜಗಳಕ್ಕೆ ಬಿದ್ದದ್ದನ್ನು ಕಂಡವರು ನಮ್ಮ ಪ್ರತಿ ಮೊಹಲ್ಲಾದಲ್ಲಿಯೂ ಸಿಗುತ್ತಾರೆ.

ಬರೆದಿಟ್ಟರೆ ಮಾತ್ರ ಸಾಲದು ಎಂಬುದಕ್ಕೆ ಬಂಗಾಳದ ಹಾಜಿ ಮುಹಮ್ಮದ್ ಮೊಹ್ಸಿನ್ ಅವರ ಉದಾಹರಣೆ ಉಂಟು. 1732ರಲ್ಲಿ ಹೂಗ್ಲಿಯಲ್ಲಿ ಹುಟ್ಟಿದವರು, ಮದುವೆ ಆಗದವರು, ಬಹಳ ದೇಶ ತಿರುಗಿದವರು. ಅಕ್ಕನಿಂದ ಬಂದ ದೊಡ್ಡ ಜಮೀನ್ದಾರಿಯನ್ನು 1806ರಲ್ಲಿ ವಕ್ಫ್ ಬರೆದರು, 1812ರಲ್ಲಿ ತೀರಿಕೊಂಡರು. ಎಷ್ಟು ಕೊಟ್ಟರು, ಯಾತಕ್ಕೆ ಕೊಟ್ಟರು ಎಲ್ಲ ಬರೆದಿತ್ತು. ನೋಡಿಕೊಳ್ಳಲಿಕ್ಕೆ ನೇಮಿಸಿದ ಮುತವಲ್ಲಿಗಳ ಕೈಯಲ್ಲಿ ಆಸ್ತಿ ಹಾಳಾಯಿತು, ಸರಕಾರ ಮಧ್ಯೆ ಬಂತು, ದಾವೆ ನಡೆಯಿತು. ಕೂಡಿಬಿದ್ದ ಹಣದಿಂದ 1836ರಲ್ಲಿ ಹೂಗ್ಲಿ ಕಾಲೇಜು ಶುರುವಾಯಿತು. ಒಳ್ಳೆಯದೇ, ಆದರೆ ಅಲ್ಲಿ ಓದಿದವರಲ್ಲಿ ಮುಸ್ಲಿಂ ಮಕ್ಕಳು ತೀರ ಕಡಿಮೆ. 1873ರಲ್ಲಿ ನಿಯಮ ಬದಲಾಗಿ ಆ ನಿಧಿ ಮುಸ್ಲಿಂ ವಿದ್ಯಾರ್ಥಿಗಳ ಫೀಸಿಗೂ ಮದ್ರಸಗಳಿಗೂ ತಿರುಗಿತು. ವಕ್ಫ್ ಬರೆದು 67 ವರ್ಷ ಆಗಿತ್ತು. ಕೊಟ್ಟವರ ನಿಯ್ಯತ್ತಿನಲ್ಲಿ ಕೊರತೆ ಇರಲಿಲ್ಲ, ಕಾವಲಿನಲ್ಲಿ ಇತ್ತು.

ಶಿರಸಂಗಿಯ ಕಥೆಗೆ ಇನ್ನೊಂದು ಮುಖ ಉಂಟು, ಅದನ್ನು ಬಿಟ್ಟರೆ ದೇಸಾಯರನ್ನು ಮಾತ್ರ ಹೊಗಳಿದ ಹಾಗಾಗುತ್ತದೆ. ದುಡ್ಡು ಒಂದೇ ಶಾಲೆ ಕಟ್ಟುವುದಿಲ್ಲ. ಲಿಂಗರಾಜರು ತೀರಿಕೊಂಡು ಹತ್ತು ವರ್ಷದ ಮೇಲೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಒಂದು ಶಾಲೆ ಶುರು ಮಾಡಿದರು. ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, ಈಗ ಎಲ್ಲರೂ ಹೇಳುವ ಕೆ.ಎಲ್.ಇ., ಹುಟ್ಟಿದ್ದು ಹಾಗೆ. ಬಸವನಾಳ, ಸಾಖರೆ, ಹಂಚಿನಾಳ, ಮಮದಾಪುರ, ಚಿಕ್ಕೋಡಿ, ಕಟ್ಟೀಮನಿ ಮೊದಲಾದವರು. ದೊಡ್ಡ ಸಂಬಳದ ಸರಕಾರಿ ನೌಕರಿ ಸಿಗುವಷ್ಟು ಓದಿದವರು ಇವರಲ್ಲಿದ್ದರು. ಆದರೂ ಸಂಸ್ಥೆಗೆ ಆಜೀವ ಸದಸ್ಯರಾಗಿ ಕಡಿಮೆ ಸಂಬಳಕ್ಕೆ ದುಡಿಯುವುದಾಗಿ ಒಪ್ಪಿಕೊಂಡರು. ಜನ ಅವರನ್ನು ಸಪ್ತರ್ಷಿಗಳು ಅಂತ ಕರೆದರು. ವಂಟಮುರಿಯ ರಾಜಾ ಲಖಮಗೌಡರಂಥ ಶ್ರೀಮಂತರು ಕೊಟ್ಟರು, ಊರೂರಿನ ರೈತರೂ ಕೈಲಾದಷ್ಟು ಕೊಟ್ಟರು. 1933ರಲ್ಲಿ ಸೊಸೈಟಿಯವರು ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟರು. ಪುಣೆಗೆ ಹೋಗಿ ಕೋಣೆ ಹಿಡಿಯಬೇಕಾಗಿದ್ದ ಹುಡುಗ ಈಗ ಊರಿನ ಬುತ್ತಿ ಕಟ್ಟಿಕೊಂಡು ಕಾಲೇಜಿಗೆ ಹೋಗಬಹುದಾಯಿತು. 1963ರಲ್ಲಿ ಅದೇ ಸೊಸೈಟಿ ಮೆಡಿಕಲ್ ಕಾಲೇಜನ್ನೂ ತೆರೆಯಿತು. ಒಂದು ಕಡೆ ವಿದ್ಯಾರ್ಥಿವೇತನ, ಇನ್ನೊಂದು ಕಡೆ ಓದಲಿಕ್ಕೆ ಕಾಲೇಜು, ಪಾಠ ಹೇಳಲಿಕ್ಕೆ ಜೀವ ತೇಯುವ ಮೇಷ್ಟ್ರುಗಳು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಕುಂಟುತ್ತಿದ್ದವು. ನಮ್ಮಲ್ಲಿ ಕಟ್ಟಡಕ್ಕೆ ಕೊಡುವವರು ಬೇಗ ಸಿಗುತ್ತಾರೆ, ಪಾಠ ಹೇಳುವವರ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಇದನ್ನು ಮುಅಲ್ಲಿಂ ಒಬ್ಬ ಬರೆದರೆ ಸ್ವಂತಕ್ಕೆ ಕೇಳಿದ ಹಾಗಾಗುತ್ತದೆ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಲಿಂಗರಾಜರು ತೀರಿಕೊಂಡ ಅದೇ 1906ರಲ್ಲಿ, ಮಾರ್ಚ್ 12ರಂದು, ನಮ್ಮ ಉಡುಪಿಯಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಅಂತ ದೇಶವಿಡೀ ಹಬ್ಬಿ, 1980ರಲ್ಲಿ ರಾಷ್ಟ್ರೀಕರಣವಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿದ್ದು ಅದೇ. ಸಾಹೇಬರ ಕೈ ಎಷ್ಟು ಬಿಚ್ಚು ಅಂತ ಉಡುಪಿಯ ಹಿರಿಯರು ಈಗಲೂ ಹೇಳುತ್ತಾರೆ. ಬಂದವರನ್ನು ಬರಿಗೈಲಿ ಕಳಿಸಿದವರಲ್ಲ, ಜಾತಿ ಮತ ಕೇಳಿದವರಲ್ಲ. ಕೊಟ್ಟು ಕೊಟ್ಟು, ವ್ಯಾಪಾರವೂ ಕೈಕೊಟ್ಟು, 1935ರಲ್ಲಿ ತೀರಿಕೊಳ್ಳುವಾಗ ಅವರ ಹತ್ತಿರ ಐಶ್ವರ್ಯ ಉಳಿದಿರಲಿಲ್ಲ. ಅವರು ಬೊಗಸೆಯಲ್ಲಿ ಕೊಟ್ಟದ್ದು ಇವತ್ತು ಕಥೆಗಳಲ್ಲಿ ಮಾತ್ರ ಉಂಟು, ಅದರ ಪ್ರತಿಫಲ ಅಲ್ಲಾಹನ ಹತ್ತಿರ. ಉಡುಪಿಯಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಅಂತ ಅವರು ಕೊಟ್ಟ ಜಾಗ ಮಾತ್ರ ಅಲ್ಲೇ ಉಂಟು. 1930ರಿಂದ ಇವತ್ತಿನವರೆಗೆ ಅಲ್ಲಿ ಎಷ್ಟು ಹೆರಿಗೆ ಆಗಿರಬಹುದು, ನೀವೇ ಯೋಚಿಸಿ. ಈ ಪುಟ ಓದುವವರಲ್ಲಿಯೂ ಅಲ್ಲಿ ಹುಟ್ಟಿದವರು ಇರಬಹುದು.

ಹಾಗಂತ ಬೊಗಸೆಯ ದಾನ ಬೇಡ ಅಂತ ಅಲ್ಲ. ಹಸಿದವನಿಗೆ ಇವತ್ತೇ ಅಕ್ಕಿ ಬೇಕು, ಅವನ ಹತ್ತಿರ ಟ್ರಸ್ಟ್ ಡೀಡ್ ಮಾತಾಡಲಿಕ್ಕೆ ಆಗುವುದಿಲ್ಲ. ಓದಿನ ವಿಷಯ ಬೇರೆ. ಓದು ಒಂದು ದಿನದ ಹಸಿವಲ್ಲ, ಮೂರು ನಾಲ್ಕು ವರ್ಷದ್ದು.

ಒಂದು ಲೆಕ್ಕ ನೋಡುವ. ಒಂದು ಜಮಾಅತಿನಲ್ಲಿ ವಿದ್ಯಾರ್ಥಿಗಳಿಗೆ ಅಂತ ಒಂದು ಲಕ್ಷ ರೂಪಾಯಿ ಕೂಡಿತು ಅಂತ ಇಟ್ಟುಕೊಳ್ಳಿ. 50 ಮಂದಿಗೆ ಎರಡೆರಡು ಸಾವಿರ ಹಂಚಿದರೆ ಸಭೆ ದೊಡ್ಡದಾಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ಯಾರಿಗೂ ಬೇಸರ ಇಲ್ಲ. ಆದರೆ 25 ಸಾವಿರ ಫೀಸು ಕಟ್ಟಲಾಗದೆ ಡಿಪ್ಲೊಮಾ ಬಿಡುವ ಹುಡುಗನಿಗೆ ಎರಡು ಸಾವಿರದಿಂದ ಏನಾಗುತ್ತದೆ? ಅವನು ಆ ದುಡ್ಡೂ ತಗೊಂಡು ಕಾಲೇಜೂ ಬಿಟ್ಟು ಬೈಕಂಪಾಡಿಯಲ್ಲೋ ಜುಬೈಲಿನಲ್ಲೋ ಕೆಲಸಕ್ಕೆ ಸೇರುತ್ತಾನೆ. ಅದೇ ಲಕ್ಷದಲ್ಲಿ ನಿಜವಾಗಿ ಓದು ನಿಲ್ಲುವ ನಾಲ್ಕು ಮಕ್ಕಳ ಫೀಸು ಕಟ್ಟಿದರೆ ಉಳಿದ 46 ಮನೆಯವರ ಮುಖ ಸಪ್ಪೆ ಆಗುತ್ತದೆ, ಕಮಿಟಿಯವರು ಮಾತು ಕೇಳಬೇಕಾಗುತ್ತದೆ. ಕೇಳಬೇಕಾದರೂ ಕೊಡಬೇಕಾದ್ದು ಹಾಗೆಯೇ ಎಂದು ನನ್ನ ಅಭಿಪ್ರಾಯ. ಅದರ ಮೇಲೆ ಆ ನಾಲ್ವರ ಎರಡನೇ ವರ್ಷದ ಫೀಸು ಎಲ್ಲಿಂದ ಅಂತ ಮೊದಲ ವರ್ಷವೇ ಯೋಚಿಸಬೇಕು. ಮೊದಲ ವರ್ಷ ದಾನಿ ಸಿಗುತ್ತಾನೆ. ಎರಡನೇ ವರ್ಷ ದಾನಿಗೆ ಬೇರೆ ಅಪೀಲು ಬಂದಿರುತ್ತದೆ, ಹುಡುಗ ಅರ್ಧ ದಾರಿಯಲ್ಲಿ ನಿಲ್ಲುತ್ತಾನೆ, ಕಟ್ಟಿದ ಮೊದಲ ವರ್ಷದ ಫೀಸೂ ನೀರಿಗೆ ಹೋಗುತ್ತದೆ.

ಅಲ್ಲಿಗೇ ಬುಡ ಮತ್ತು ಫಲದ ಮಾತು ಬರುವುದು. ಪಳ್ಳಿಯ ಹತ್ತಿರ ಒಬ್ಬರು ಅಂಗಡಿ ಕೋಣೆಯೊಂದನ್ನು ವಕ್ಫ್ ಮಾಡಿದರು ಅನ್ನಿ. ತಿಂಗಳಿಗೆ ಎಂಟು ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 96 ಸಾವಿರ. ರಿಪೇರಿ, ತೆರಿಗೆ ಕಳೆದರೂ ಮೂರು ಮಕ್ಕಳ ಫೀಸು ಯಾರಲ್ಲೂ ಕೇಳದೆ ವರ್ಷ ವರ್ಷವೂ ನಡೆಯುತ್ತದೆ. ಕೃಷಿ ಜಮೀನನ್ನು ಹೀಗೆ ಬಿಟ್ಟವರ ಕಥೆ 1974ರ ಭೂಸುಧಾರಣೆಯ ನಂತರ ಏನಾಯಿತು ಅಂತ ನಮ್ಮ ಕಡೆಯ ಹಿರಿಯರಿಗೆ ಗೊತ್ತು. ಗೇಣಿಗೆ ಕೊಟ್ಟ ಭೂಮಿ ಗುಡಿಯದ್ದೂ ಹೋಯಿತು, ಪಳ್ಳಿಯದ್ದೂ ಹೋಯಿತು. ಆದ್ದರಿಂದ ಇವತ್ತಿನ ಕಾಲಕ್ಕೆ ಬಾಡಿಗೆ ಕಟ್ಟಡವೇ ಸಲೀಸು.

ಇಲ್ಲಿ ಮಸ್‌ಅಲಾ ತಿಳಿದಿರಬೇಕು. ಝಕಾತಿನ ಹಣವನ್ನು ಹೀಗೆ ಅಂಗಡಿಗೆ ಹಾಕಿ ತಡೆದಿಡಲಿಕ್ಕೆ ಬರುವುದಿಲ್ಲ. ಅದು ಹಕ್ಕುದಾರನ ಕೈಗೇ ಮುಟ್ಟಬೇಕು. ಬಡ ವಿದ್ಯಾರ್ಥಿ ಹಕ್ಕುದಾರನಾದರೆ ಅವನ ಕೈಗೆ ಕೊಡಿ, ಫೀಸು ಅವನು ಕಟ್ಟಲಿ. ಬುಡ ಕಟ್ಟಲಿಕ್ಕೆ ಬೇಕಾದ್ದು ಸದಖಾ ಮತ್ತು ವಕ್ಫ್. ಅದರಲ್ಲಿಯೂ ನಮ್ಮ ಶಾಫಿಈ ಮದ್ಹಬಿನ ಪ್ರಬಲ ಅಭಿಪ್ರಾಯದಲ್ಲಿ ನಗದು ಹಣದ ವಕ್ಫ್ ಆಗುವುದಿಲ್ಲ, ಬಳಸಿದರೂ ಉಳಿಯುವ ವಸ್ತು ಬೇಕು. ಸದಖಾ ಹಣದಿಂದ ಕೋಣೆ ಕೊಂಡು ವಕ್ಫ್ ಮಾಡುವುದಕ್ಕೆ ದಾರಿ ಉಂಟು, ಆದರೆ ಹಣ ಕೂಡಿಸುವಾಗಲೇ ಇದು ಇಂಥದ್ದಕ್ಕೆ ಅಂತ ಹೇಳಿರಬೇಕು. ನಿಮ್ಮ ಊರಿನ ಖತೀಬರಲ್ಲಿ, ಖಾಝಿಗಳಲ್ಲಿ ಕೇಳಿ ಮಾಡಿ. ಝಕಾತ್, ಸದಖಾ, ವಕ್ಫ್ ಮೂರನ್ನೂ ಒಂದೇ ಡಬ್ಬಿಗೆ ಹಾಕಿ ಒಂದೇ ಪುಸ್ತಕದಲ್ಲಿ ಬರೆಯುವ ಕಮಿಟಿಗಳು ಈಗಲೂ ಇವೆ. ಲೆಕ್ಕ ಕೇಳಿದರೆ ನಂಬಿಕೆ ಇಲ್ಲವೇ ಅಂತ ಮುನಿಸಿಕೊಳ್ಳುತ್ತಾರೆ. ಲೆಕ್ಕ ಕೇಳುವುದು ಅಪನಂಬಿಕೆ ಅಲ್ಲ. ಹಝ್ರತ್ ಉಮರ್ ತನ್ನ ಜಮೀನಿನ ಮೇಲ್ವಿಚಾರಕನಿಗೇ ಇಷ್ಟು ತಿನ್ನಬಹುದು, ಇಷ್ಟು ಕೂಡಿಸಬಾರದು ಅಂತ ಷರತ್ತು ಹಾಕಿದವರು.

ಒಂದೇ ಊರಿನಲ್ಲಿ ಪಳ್ಳಿ ಕಮಿಟಿ ಒಂದು, ಯುವಕರ ಸಂಘ ಒಂದು, ಗಲ್ಫಿನ ಊರವರ ಗ್ರೂಪ್ ಒಂದು, ಮೂರೂ ಬೇರೆ ಬೇರೆ ಸ್ಕಾಲರ್‌ಶಿಪ್ ಕೊಡುವುದುಂಟು. ಮೂರು ಕಡೆಯೂ ಅರ್ಜಿ ಹಾಕಲು ಗೊತ್ತಿರುವ ಹುಡುಗನಿಗೆ ಮೂರೂ ಸಿಗುತ್ತದೆ, ಗೊತ್ತಿಲ್ಲದ ಹುಡುಗಿಗೆ ಒಂದೂ ಇಲ್ಲ. ಮೂವರೂ ಒಂದು ದಿನ ಕೂತು ಹೆಸರಿನ ಪಟ್ಟಿ ಒಟ್ಟಿಗೆ ಇಟ್ಟರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಸರಿಯಾಗುತ್ತದೆ. ಶಾಲೆ ಬಿಟ್ಟ ಮಕ್ಕಳ ಹೆಸರು ಮದ್ರಸದ ಹಾಜರಿ ಪುಸ್ತಕದಲ್ಲಿಯೇ ಸಿಗುತ್ತದೆ, ಬೇಕಾದವರು ಉಸ್ತಾದರಲ್ಲಿ ಕೇಳಬಹುದು.

ರಮಳಾನಿಗೆ ಮೊದಲು ಹೆಚ್ಚಿನ ಕಡೆ ಜಮಾಅತಿನ ಸಭೆ ಸೇರುತ್ತದೆ. ಕಳೆದ ವರ್ಷ ಎಷ್ಟು ಕೂಡಿತು, ಎಷ್ಟು ಮಂದಿಗೆ ಕೊಟ್ಟೆವು ಅಂತ ಕಾರ್ಯದರ್ಶಿ ಓದುತ್ತಾರೆ, ತಕ್ಬೀರ್ ಆಗುತ್ತದೆ, ಚಹಾ ಆಗುತ್ತದೆ. ಈ ಸಲ ಚಹಾ ಬರುವ ಮೊದಲು ಮೂರು ವರ್ಷದ ಹಿಂದಿನ ಪಟ್ಟಿಯನ್ನೂ ತರಿಸಿ, ಅದರಲ್ಲಿರುವ ಒಂದೊಂದು ಮಗುವೂ ಈಗ ಯಾವ ಕ್ಲಾಸಿನಲ್ಲಿದೆ ಅಂತ ಕೇಳಿ ಬರೆದುಕೊಳ್ಳಬಹುದು.